ರುದ್ರಭೂಮಿಯ ಬೀಗವೂ ಅಚೌರ್ಯಾಣುವ್ರತವೂ

ಸಾವು ಸಂಭವಿಸಿದ ಮನೆಗೆ ಮೊದಲು ಬೇಕಾಗುವುದು ನಾಲ್ಕು ಹೆಗಲು. ಅನಂತರ ಬೇಕಾಗುವುದು ಆರಡಿ ನೆಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಂತಹ ಪೇಟೆಗಳಲ್ಲಿ ನೆಲೆಸಿರುವ ಜೈನ ಕುಟುಂಬಗಳಿಗೆ ಹೆಗಲಿನ ಕೊರತೆಯಿಲ್ಲ. ಸುದ್ದಿ ತಿಳಿದ ಅರ್ಧ ಗಂಟೆಯೊಳಗೆ ಅಂಗಡಿಗಳ ಬಾಗಿಲು ಇಳಿಯುತ್ತದೆ, ಸಮಾಜದವರೆಲ್ಲ ಸೇರುತ್ತಾರೆ. ನೆಲದ ಮಾತು ಬಂದಾಗ ಮಾತ್ರ ಒಂದು ವಿಚಿತ್ರವಾದ ಬೇಡಿಕೆ ತಲೆಯೆತ್ತುತ್ತದೆ. ತಾಲ್ಲೂಕಿಗೊಂದು ಪ್ರತ್ಯೇಕ ಜೈನ ರುದ್ರಭೂಮಿ ಬೇಕು. ಅದಕ್ಕೆ ಸುತ್ತಲೂ ಕಾಂಪೌಂಡು ಬೇಕು, ಗೇಟು ಬೇಕು, ಗೇಟಿಗೆ ಬೀಗ ಬೇಕು. ಸಾಧ್ಯವಾದರೆ ಒಳಗೊಂದು ಗುರುಮಂದಿರವೂ ಇರಲಿ. ಇದನ್ನು ಮಂಡಿಸುವ ಸಜ್ಜನರು ಧರ್ಮರಕ್ಷಣೆಯ ಕಾರ್ಯವೆಂದೇ ಮಂಡಿಸುತ್ತಾರೆ. ಇದು ಶ್ರಾವಕನ ಹನ್ನೆರಡು ವ್ರತಗಳಲ್ಲಿ ಯಾವುದರ ಅಂಗವೆಂದು ಕೇಳಿದರೆ ಮಾತ್ರ ಉತ್ತರ ದೊರೆಯುವುದಿಲ್ಲ. ವ್ರತಗಳ ಪಟ್ಟಿಯಲ್ಲಿ ಹುಡುಕಹೊರಟವನಿಗೆ ಎದುರಾಗುವುದು ಬೇರೊಂದು ಪದ: ವಿರುದ್ಧರಾಜ್ಯಾತಿಕ್ರಮ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ. ಕಳ್ಳತನಕ್ಕೆ ಪ್ರೇರಣೆ ಕೊಡುವುದು, ಕದ್ದ ಮಾಲನ್ನು ಕೊಳ್ಳುವುದು, ರಾಜ್ಯದ ಕಟ್ಟಳೆಯನ್ನು ಮೀರುವುದು, ತೂಕ ಅಳತೆಗಳಲ್ಲಿ ಹೆಚ್ಚುಕಡಿಮೆ ಮಾಡುವುದು, ಒಳ್ಳೆಯ ಸರಕಿನಲ್ಲಿ ಕೆಟ್ಟದ್ದನ್ನು ಬೆರೆಸುವುದು. ವ್ಯಾಪಾರಿಯ ಮನೆಯಲ್ಲಿ ಹುಟ್ಟಿದವರಿಗೆ ಕೊನೆಯ ಎರಡು ಅತಿಚಾರಗಳ ಪರಿಚಯ ತಕ್ಕಡಿ ಹಿಡಿಯುವ ವಯಸ್ಸಿಗೇ ಆಗುತ್ತದೆ. ನಡುವಿನದನ್ನು ಸುಂಕ, ತೆರಿಗೆಗಳಿಗೆ ಸಂಬಂಧಿಸಿದ ಮಾತೆಂದು ಬದಿಗಿಡುವುದು ರೂಢಿ. ರಾಜ್ಯದ ಕಟ್ಟಳೆಯೆಂದರೆ ತೆರಿಗೆ ಮಾತ್ರವಲ್ಲ, ನೆಲದ ಕಟ್ಟಳೆಯೂ ಹೌದು. ಶ್ವೇತಾಂಬರ ಪರಂಪರೆಯಲ್ಲಿ ಸತ್ಯಾಣುವ್ರತವನ್ನು ವಿವರಿಸುವಾಗ ಐದು ಮಹಾ ಅಸತ್ಯಗಳನ್ನು ಹೆಸರಿಸಲಾಗಿದೆ. ಹೇಮಚಂದ್ರಾಚಾರ್ಯರ ಯೋಗಶಾಸ್ತ್ರದಲ್ಲಿಯೂ ಅವು ಬರುತ್ತವೆ. ಕನ್ಯೆಯ ವಿಷಯದ ಸುಳ್ಳು, ಗೋವಿನ ವಿಷಯದ ಸುಳ್ಳು, ಇಟ್ಟ ಅಡವನ್ನು ಇಲ್ಲವೆನ್ನುವುದು, ಕೂಟಸಾಕ್ಷ್ಯ. ಇವುಗಳ ಜೊತೆಯಲ್ಲಿಯೇ ಭೂಮ್ಯಲೀಕ, ಅಂದರೆ ನೆಲದ ವಿಷಯದಲ್ಲಿ ಹೇಳುವ ಸುಳ್ಳು. ಊರಿನ ನೆಲವನ್ನು ಸಮಾಜದ ನೆಲವೆಂದು ಬೋರ್ಡು ಬರೆಸಿ ನಿಲ್ಲಿಸುವುದು ಈ ಐದರಲ್ಲಿ ಯಾವುದೆಂದು ವಿವರಿಸಬೇಕಾಗಿಲ್ಲ.

ಇಷ್ಟಕ್ಕೂ ಸ್ಮಶಾನವೆಂಬುದು ಕಾನೂನಿನ ಕಣ್ಣಿನಲ್ಲಿ ಏನು? ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ 71ನೇ ಪ್ರಕರಣದಂತೆ ಸರ್ಕಾರಿ ಭೂಮಿಯನ್ನು ಗೋಮಾಳಕ್ಕಾಗಲಿ ಬೇರೆ ಸಾರ್ವಜನಿಕ ಉದ್ದೇಶಕ್ಕಾಗಲಿ ಕಾದಿರಿಸುವ ಅಧಿಕಾರವು ಜಿಲ್ಲಾಧಿಕಾರಿಯದು. ಹಾಗೆ ಕಾದಿರಿಸಿದ ಮೇಲೆ ಅವರ ಮಂಜೂರಾತಿಯಿಲ್ಲದೆ ಅದನ್ನು ಬೇರೆ ಯಾವುದಕ್ಕೂ ಬಳಸುವಂತಿಲ್ಲ. 1966ರ ಭೂಕಂದಾಯ ನಿಯಮಗಳು ಸಾಗುವಳಿಗೆ ಸೇರದ ನೆಲವನ್ನು ಎರಡು ಬಗೆಯಾಗಿ ವಿಂಗಡಿಸುತ್ತವೆ. ಬಂಡೆ, ಕೊರಕಲು ಮೊದಲಾದ ಕಾರಣಗಳಿಂದ ಉಳಲಾಗದ್ದು ಎ ಖರಾಬು. ದಾರಿ, ಕೆರೆ, ಹಳ್ಳಗಳಂತೆ ಹತ್ತು ಜನರ ಬಳಕೆಗೆ ಬಿಟ್ಟದ್ದು ಬಿ ಖರಾಬು. ಹೂಳುವ ಮತ್ತು ಸುಡುವ ನೆಲವನ್ನು ನಿಯಮವು ಈ ಎರಡನೆಯ ಬಗೆಯಲ್ಲಿ ಹೆಸರು ಹೇಳಿ ಸೇರಿಸಿದೆ. ಪಹಣಿಯಲ್ಲಿ ಬಿ ಖರಾಬು ಎಂದಿರುವ ಗುಂಟೆಗಳು ಸುತ್ತಲಿನ ಹಿಡುವಳಿದಾರನ ಸೊತ್ತಲ್ಲ; ಆತ ಅದನ್ನು ಮಾರಲಾರ, ದಾನಪತ್ರದ ಮೂಲಕ ಕೊಡಲೂ ಆರ. ದಾನವಾಗಿ ಬಂದಿತೆಂದು ಸ್ವೀಕರಿಸಿದ ಟ್ರಸ್ಟಿಗೆ ಹಕ್ಕು ಹುಟ್ಟುವುದಿಲ್ಲ. ಕೊಡಲು ಅಧಿಕಾರವಿಲ್ಲದವನಿಂದ ಪಡೆದದ್ದನ್ನು ಶಾಸ್ತ್ರವು ಅದತ್ತಾದಾನ ಎನ್ನುತ್ತದೆ. ಅದೇ ಚೌರ್ಯದ ಲಕ್ಷಣ. ಕಂದಾಯ ಇಲಾಖೆಯೂ ಉಮಾಸ್ವಾಮಿಗಳೂ ಇಷ್ಟು ಸಮೀಪಕ್ಕೆ ಬರುವ ಪ್ರಸಂಗಗಳು ಹೆಚ್ಚಿಲ್ಲ.

ನಿರ್ವಹಣೆಯ ಹೊಣೆ ಪಟ್ಟಣದೊಳಗೆ ನಗರಸಭೆ ಅಥವಾ ಪುರಸಭೆಯದು, ಹಳ್ಳಿಯಲ್ಲಿ ಗ್ರಾಮ ಪಂಚಾಯತಿಯದು. 1964ರ ಪುರಸಭೆಗಳ ಅಧಿನಿಯಮವೂ 1993ರ ಪಂಚಾಯತ್ ರಾಜ್ ಅಧಿನಿಯಮವೂ ಶವಸಂಸ್ಕಾರದ ಸ್ಥಳಗಳನ್ನು ಕಾಪಾಡುವುದನ್ನು ಈ ಸಂಸ್ಥೆಗಳ ಕರ್ತವ್ಯಗಳಲ್ಲಿ ಸೇರಿಸಿವೆ. ಖಾಸಗಿ ಟ್ರಸ್ಟು ಸ್ಮಶಾನ ನಡೆಸಲೇಬಾರದೆಂದು ಇದರ ಅರ್ಥವಲ್ಲ. ಸ್ವಂತ ಹಣದಿಂದ ಜಮೀನು ಕೊಂಡು, ಭೂಪರಿವರ್ತನೆ ಮಾಡಿಸಿ, ಸ್ಥಳೀಯ ಸಂಸ್ಥೆಯ ಅನುಮತಿ ಪಡೆದು ನಡೆಸಬಹುದು. ಆದರೆ ಆ ದಾರಿ ಉದ್ದವಾದುದು, ವೆಚ್ಚದ್ದು. ಗೋಮಾಳದ ಒಂದು ಮೂಲೆಯನ್ನೋ ಇರುವ ಸ್ಮಶಾನದ ಒಂದು ಭಾಗವನ್ನೋ ಶಿಫಾರಸಿನ ಮೇಲೆ ಪಡೆದು ಗೋಡೆ ಎಬ್ಬಿಸುವುದು ಸುಲಭದ ದಾರಿ. ವಿವಾದವಿರುವುದು ಈ ಸುಲಭದ ದಾರಿಯ ಬಗ್ಗೆ.

ನಾಲ್ಕೂ ತಾಲ್ಲೂಕುಗಳಲ್ಲಿ ನೆಲದ ಸ್ಥಿತಿ ಏನಾಗಿದೆಯೆಂಬುದು ಅಲ್ಲಿ ಅಂಗಡಿ ಇಟ್ಟವರಿಗೆಲ್ಲ ತಿಳಿದ ಸಂಗತಿ. ಕೋಲಾರದ ಬದಿಯಲ್ಲಿ ನರಸಾಪುರ, ವೇಮಗಲ್‌ಗಳ ಕೈಗಾರಿಕಾ ಪ್ರದೇಶಗಳು ಬಂದವು. ಮಾಲೂರಿನಲ್ಲಿ ಇಟ್ಟಿಗೆ, ಹೆಂಚಿನ ಕಾರ್ಖಾನೆಗಳ ಜೊತೆಗೆ ಬೆಂಗಳೂರಿನ ನಿವೇಶನದ ದಾಹವೂ ಬಂದಿತು. ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್ ಹೆದ್ದಾರಿಯೂ ಆ ತಾಲ್ಲೂಕನ್ನು ಹಾದುಹೋಗಿದೆ. ಮುಳಬಾಗಿಲು ಹಳೆಯ ಮದರಾಸು ರಸ್ತೆಯ ಮೇಲಿನ ಊರು. ಶ್ರೀನಿವಾಸಪುರದಲ್ಲಿ ಮಾವಿನ ತೋಪಿನ ಮೂಲೆಯಲ್ಲಿ ಹಿರಿಯರನ್ನು ಹೂತು ಒಂದು ಕಟ್ಟೆ ಕಟ್ಟುವ ವಾಡಿಕೆಯುಂಟು. ತೋಪು ಮಾರಾಟವಾದಾಗ ಕಟ್ಟೆಯ ಗತಿ ಕೊಂಡವನ ಮರ್ಜಿಗೆ ಬಿಟ್ಟದ್ದು. ಹೀಗೆ ನೆಲಕ್ಕೆ ಬೆಲೆ ಬಂದ ಕಡೆಗಳಲ್ಲಿ ಮೊದಲು ಕರಗುವುದು ಒಡೆಯನಿಲ್ಲದ ನೆಲ. ಕೆರೆಯಂಗಳ, ಗೋಮಾಳ, ಸ್ಮಶಾನ ಇವು ಮೂರೂ ಆ ಜಾತಿಗೆ ಸೇರಿದವು. ಸತ್ತವರು ಒತ್ತುವರಿಯ ವಿರುದ್ಧ ಅರ್ಜಿ ಕೊಡುವುದಿಲ್ಲ.

ಇದರ ಪರಿಣಾಮ ಉಣ್ಣುವವರು ಯಾರು? ಸ್ವಂತ ತೋಪಿಲ್ಲದವರು, ಸ್ವಂತ ಹೊಲವಿಲ್ಲದವರು. ಬೇರೆಯವರ ಹೊಲದ ಬದುವಿನ ಮೇಲೆ ಹೆಣ ಹೊತ್ತು ಸಾಗಿ, ಹೊಲದೊಡೆಯ ಬೇಲಿ ಹಾಕಿದ ದಿನ ದಾರಿಯಲ್ಲೇ ಚಟ್ಟ ಇಳಿಸಿ ನಿಂತವರ ಸುದ್ದಿಗಳನ್ನು ಕರ್ನಾಟಕದ ಪತ್ರಿಕೆಗಳು ಮತ್ತೆ ಮತ್ತೆ ಅಚ್ಚು ಮಾಡಿವೆ. ಅವರಲ್ಲಿ ಬಹುಪಾಲು ದಲಿತ ಕುಟುಂಬಗಳು. ಸ್ಮಶಾನವಿಲ್ಲದ ಗ್ರಾಮಗಳಿಗೆ ಭೂಮಿ ಒದಗಿಸಬೇಕೆಂದು ಕರ್ನಾಟಕ ಉಚ್ಚ ನ್ಯಾಯಾಲಯವು 2019ರಲ್ಲಿ ಸರ್ಕಾರಕ್ಕೆ ಆದೇಶಿಸಿತು. ಆದೇಶ ಪಾಲನೆಯಾಗಲಿಲ್ಲವೆಂದು ನ್ಯಾಯಾಲಯ ನಿಂದನೆಯ ಅರ್ಜಿ ಬಂದು, 2022ರಲ್ಲಿಯೂ ಸರ್ಕಾರವು ಪೀಠದ ಮುಂದೆ ಲೆಕ್ಕ ಒಪ್ಪಿಸುತ್ತಲೇ ಇರಬೇಕಾಯಿತು. ಇಂತಹ ನಾಡಿನಲ್ಲಿ ಅಂಗಡಿ, ಮನೆ, ಬಸದಿ, ಧರ್ಮಶಾಲೆ ಎಲ್ಲವನ್ನೂ ಹೊಂದಿರುವ ಸಮಾಜವೊಂದು ತಹಶೀಲ್ದಾರರ ಮುಂದೆ ನಿಂತು, ತನಗೆ ಪ್ರತ್ಯೇಕವಾಗಿ ಒಂದು ಎಕರೆ ಬೇಕೆಂದು ಕೇಳುವುದು ಶೋಭಿಸುತ್ತದೆಯೆ? ಹೆಣ ಹೊತ್ತು ದಾರಿಯಲ್ಲಿ ನಿಂತವನೇ ಮರುದಿನ ಅದೇ ಸಮಾಜದ ಅಂಗಡಿಗೆ ಬಟ್ಟೆಗೋ, ಪಾತ್ರೆಗೋ, ಒಡವೆ ಅಡವಿಡಲಿಕ್ಕೋ ಬರುವ ಗಿರಾಕಿ.

ವ್ಯಾಪಾರಿಗಳಿಗೆ ಲೆಕ್ಕದ ಮಾತು ಹಿಡಿಸುತ್ತದೆ. ಆದುದರಿಂದ ಲೆಕ್ಕವನ್ನೇ ಹಾಕಬಹುದು. ಐವತ್ತು ಜೈನ ಮನೆಗಳಿರುವ ಒಂದು ಪೇಟೆ ಎಂದಿಟ್ಟುಕೊಂಡರೆ ಇನ್ನೂರೈವತ್ತು ಜನ. ಸಾವಿರಕ್ಕೆ ಆರೇಳರಂತೆ ಸಾವು ಹಿಡಿದರೆ ವರ್ಷಕ್ಕೆ ಇಬ್ಬರು. ಜೈನರು ದಹನ ಮಾಡುವವರು, ಹೂಳುವುದು ಎಳೆಯ ಮಕ್ಕಳನ್ನು ಮಾತ್ರ. ಒಂದು ಚಿತೆಯ ಕಟ್ಟೆ ಮರುದಿನವೇ ಮತ್ತೊಂದು ಚಿತೆಗೆ ಸಿದ್ಧ. ವರ್ಷದ 365 ದಿನಗಳಲ್ಲಿ ಎರಡು ದಿನ ಬಳಕೆಗೆ ಬಂದು 363 ದಿನ ಬೀಗ ಹಾಕಿರುವ ಎಕರೆಯನ್ನು ಯಾವ ವ್ಯಾಪಾರಿಯೂ ತನ್ನ ಗೋದಾಮಿನ ವಿಷಯದಲ್ಲಿ ಸಹಿಸುವುದಿಲ್ಲ. 'ಮುಸ್ಲಿಮರಿಗೆ ಖಬರಸ್ಥಾನವಿಲ್ಲವೆ, ಕ್ರೈಸ್ತರಿಗೆ ಸಮಾಧಿಭೂಮಿಯಿಲ್ಲವೆ' ಎಂಬ ಪ್ರಶ್ನೆಯೂ ಇದರಿಂದಲೇ ಇತ್ಯರ್ಥವಾಗುತ್ತದೆ. ಹೂಳುವವರಿಗೆ ಪ್ರತಿ ಸಾವಿಗೂ ಹೊಸ ನೆಲ ಬೇಕು. ಸುಡುವವರಿಗೆ ಹಳೆಯ ಕಟ್ಟೆಯೇ ಸಾಕು. ಅವಶ್ಯಕತೆ ಬೇರೆಯಾದ ಮೇಲೆ ಅನುಕರಣೆಯೇಕೆ?

ಎದುರುವಾದಿಗಳ ಮಾತಿನಲ್ಲಿ ಒಂದಂಶ ಸತ್ಯವಿದೆ, ಅದನ್ನು ಒಪ್ಪಲೇಬೇಕು. ಜೈನರ ಶವಸಂಸ್ಕಾರಕ್ಕೆ ತನ್ನದೇ ಆದ ಯತ್ನಾಚಾರವುಂಟು. ನೆಲ ನಿರ್ಜಂತುವಾಗಿರಬೇಕು, ಸೌದೆಯಲ್ಲಿ ಹುಳುಹುಪ್ಪಟೆಗಳಿಲ್ಲವೆಂದು ನೋಡಿಕೊಳ್ಳಬೇಕು. ಮೃತಕಳೇಬರದಲ್ಲಿ ಸಂಮೂರ್ಛಿಮ ಜೀವಗಳು ಹುಟ್ಟುವುವೆಂಬ ಆಗಮವಾಕ್ಯದಿಂದಾಗಿ ಕಾರ್ಯವು ಶೀಘ್ರವಾಗಿ ಮುಗಿಯಬೇಕು. ಊರಿನ ಸ್ಮಶಾನಗಳಲ್ಲಿ ಕುಡಿದ ಸೀಸೆಗಳು, ಮಾಂಸದ ಎಲುಬುಗಳು, ಮೊಳಕಾಲೆತ್ತರದ ಲಾಂಟಾನ ಇರುವುದೂ ನಿಜ. ಆದರೆ ಇದಕ್ಕೆ ಬೇಕಾದುದು ಗುಡಿಸಿದ ಒಂದು ಕಟ್ಟೆ, ಮಳೆ ತಡೆಯುವ ಒಂದು ಮಾಡು, ಒಣಸೌದೆಯ ಒಂದು ಕೊಟ್ಟಿಗೆ. ಇಷ್ಟನ್ನು ಊರಿನ ಸ್ಮಶಾನದೊಳಗೆಯೇ ಕಟ್ಟಿಸಿ, ಎಲ್ಲರಿಗೂ ಬಿಟ್ಟುಕೊಡುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಸ್ಥಳೀಯ ಸಂಸ್ಥೆಯ ಅನುಮತಿಯೊಂದು ಸಾಕು. ಒಂದು ಚಿತೆಗೆ ನಾಲ್ಕೈದು ಕ್ವಿಂಟಾಲು ಸೌದೆ ಉರಿಯುತ್ತದೆ. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಕೋಲಾರ ಜಿಲ್ಲೆಯಲ್ಲಿ ಆ ಮರ ಎಲ್ಲಿಂದ ಬರುತ್ತದೆ, ಅದರೊಡನೆ ಎಷ್ಟು ತ್ರಸಜೀವಗಳು ಬೇಯುತ್ತವೆ ಎಂಬುದನ್ನು ನೆನೆದರೆ, ಅಹಿಂಸೆಯ ಹೆಸರಿನಲ್ಲಿ ಕೇಳಬೇಕಾದುದು ಕಾಂಪೌಂಡಲ್ಲ, ಇಡೀ ಪಟ್ಟಣಕ್ಕೊಂದು ಅನಿಲ ಚಿತಾಗಾರ. ಅಗ್ನಿಕಾಯ ಜೀವಗಳ ಚರ್ಚೆ ಆಗಲೂ ಉಳಿಯುತ್ತದೆ. ಆದರೂ ಹಿಂಸೆಯ ಪ್ರಮಾಣದಲ್ಲಿ ಎರಡೂ ಒಂದೇ ಎನ್ನುವವರು ಸೌದೆಯನ್ನು ಸೀಳಿ ನೋಡಿದವರಲ್ಲ.

ಇನ್ನೊಂದು ವಾದ ಅಲ್ಪಸಂಖ್ಯಾತತ್ವದ್ದು. 2014ರ ಜನವರಿಯಲ್ಲಿ ಕೇಂದ್ರ ಸರ್ಕಾರವು ಜೈನರನ್ನು ರಾಷ್ಟ್ರೀಯ ಅಲ್ಪಸಂಖ್ಯಾತ ಸಮುದಾಯವೆಂದು ಅಧಿಸೂಚಿಸಿದ ಮೇಲೆ ಸಂವಿಧಾನದ 26ನೇ ವಿಧಿಯ ಮಾತು ಸಭೆಗಳಲ್ಲಿ ಹೆಚ್ಚಾಗಿದೆ. ಆ ವಿಧಿ ಎಲ್ಲ ಧಾರ್ಮಿಕ ಪಂಗಡಗಳಿಗೂ ಮೊದಲಿನಿಂದ ಇದ್ದದ್ದೇ. ಪಂಗಡವು ತನ್ನ ಸೊತ್ತನ್ನು ಕಾನೂನಿಗೆ ಅನುಸಾರವಾಗಿ ನಿರ್ವಹಿಸಬಹುದೆಂದು ಅದು ಹೇಳುತ್ತದೆ. ಊರಿನ ಸೊತ್ತನ್ನು ಪಂಗಡದ ಸೊತ್ತಾಗಿ ಮಾಡಿಕೊಳ್ಳಬಹುದೆಂದು ಹೇಳುವುದಿಲ್ಲ.

ಈಗ ಬೀಗದ ವಿಷಯ. ಇದು ಲೇಖನದ ಮುಖ್ಯ ವಿಷಯವೂ ಹೌದು, ಸಭೆಗಳಲ್ಲಿ ಯಾರೂ ಎತ್ತದ ವಿಷಯವೂ ಹೌದು. ಸ್ಮಶಾನವನ್ನು ನಡೆಸುವವನು ಕೇವಲ ಜಾಗದ ಕಾವಲುಗಾರನಲ್ಲ. 1969ರ ಜನನ ಮರಣಗಳ ನೋಂದಣಿ ಅಧಿನಿಯಮದ 10ನೇ ಪ್ರಕರಣವು ಶವಸಂಸ್ಕಾರಕ್ಕೆಂದು ಮೀಸಲಾದ ಸ್ಥಳದ ಒಡೆಯ ಅಥವಾ ಪಾಲಕನನ್ನು ಹೆಸರಿಸಿ, ಅಲ್ಲಿ ನಡೆದ ಪ್ರತಿಯೊಂದು ಸಂಸ್ಕಾರದ ಸಂಗತಿಯನ್ನು ನೋಂದಣಾಧಿಕಾರಿಗೆ ತಿಳಿಸುವ ಕರ್ತವ್ಯವನ್ನು ಅವನ ಮೇಲೆ ಹೊರಿಸಿದೆ. ಮನೆಯವರು 21 ದಿನಗಳೊಳಗೆ ಮರಣವನ್ನು ನೋಂದಾಯಿಸಬೇಕೆಂಬುದು ಎಲ್ಲರಿಗೂ ಗೊತ್ತು. ವಾರಸು ಖಾತೆಗೂ ಬ್ಯಾಂಕಿಗೂ ವಿಮೆಗೂ ಪ್ರಮಾಣಪತ್ರ ಬೇಕಲ್ಲ. ಪಾಲಕನ ಈ ಪ್ರತ್ಯೇಕ ಕರ್ತವ್ಯವನ್ನು ಬಲ್ಲ ಟ್ರಸ್ಟಿಗಳು ವಿರಳ. ಕಿರ್ದಿ, ಖಾತೆಗಳನ್ನು ಪೈಸೆ ಬಿಡದೆ ಬರೆಯುವ ಸಮಾಜದಲ್ಲಿ ಸ್ಮಶಾನಕ್ಕೆ ಒಂದು ಪುಸ್ತಕವೂ ಇಲ್ಲದಿರುವುದು ಆಶ್ಚರ್ಯವೇ ಸರಿ.

ಪುಸ್ತಕವೇಕೆ ಬೇಕು? ಮದುವೆಯಾಗಿ ಮೂರು ವರ್ಷವಾದ ಒಬ್ಬ ಸೊಸೆ ಅಡುಗೆಮನೆಯಲ್ಲಿ ಸುಟ್ಟುಕೊಂಡು ಸತ್ತಳೆಂದಿಟ್ಟುಕೊಳ್ಳಿ. ಮದುವೆಯಾದ ಏಳು ವರ್ಷಗಳೊಳಗೆ ಸ್ತ್ರೀಯೊಬ್ಬಳು ಆತ್ಮಹತ್ಯೆ ಮಾಡಿಕೊಂಡರೂ ಸಂಶಯಾಸ್ಪದವಾಗಿ ಸತ್ತರೂ ಪೊಲೀಸರಿಗೆ ತಿಳಿಸಿ, ದಂಡಾಧಿಕಾರಿಯ ಸಮ್ಮುಖದಲ್ಲಿ ವಿಚಾರಣೆ ನಡೆದು, ವೈದ್ಯರ ಪರೀಕ್ಷೆಯಾಗಬೇಕು. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 174ನೇ ಪ್ರಕರಣದಲ್ಲಿ ಇದ್ದ ಈ ಕಟ್ಟಳೆ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಪ್ರಕರಣದಲ್ಲಿದೆ. ಊರಿನ ಸ್ಮಶಾನದಲ್ಲಾದರೆ ಕಾಯುವವನಿದ್ದಾನೆ, ಹಾದುಹೋಗುವವರಿದ್ದಾರೆ, ಪಕ್ಕದಲ್ಲಿ ಇನ್ನೊಬ್ಬರ ಚಿತೆಯ ಮುಂದೆ ನಿಂತವರಿದ್ದಾರೆ, ಯಾರಾದರೊಬ್ಬರು ಕೇಳುತ್ತಾರೆ. ಬೀಗದ ಕೈ ಸಮಾಜದ ನಾಲ್ವರು ಹಿರಿಯರ ಬಳಿಯಿರುವ, ಪುಸ್ತಕವಿಲ್ಲದ, ಗೋಡೆಯೊಳಗಿನ ಕಟ್ಟೆಯಲ್ಲಿ ಯಾರು ಕೇಳುತ್ತಾರೆ? 'ಮನೆತನದ ಮರ್ಯಾದೆ' ಎಂಬ ಎರಡು ಪದಗಳಿಗೆ ಗೇಟು ತೆರೆದುಕೊಳ್ಳುತ್ತದೆ. ಹುಡುಗಿಯ ತಂದೆ ಮಾರವಾಡದಿಂದಲೋ ಗುಜರಾತಿನಿಂದಲೋ ಬಂದು ಇಳಿಯುವ ಹೊತ್ತಿಗೆ ಬೂದಿಯನ್ನು ಒಟ್ಟುಗೂಡಿಸಿ ಆಗಿರುತ್ತದೆ. ಅಪರಾಧದ ಸಾಕ್ಷ್ಯವನ್ನು ಅರಿತು ಮರೆಮಾಡುವುದು ಶಿಕ್ಷಾರ್ಹವೆಂದು ನ್ಯಾಯ ಸಂಹಿತೆಯ 238ನೇ ಪ್ರಕರಣ ಹೇಳುತ್ತದೆ. ಗೇಟು ತೆರೆದವರು ಆಗ 'ಸೇವೆ ಮಾಡಿದೆವು' ಎಂದರೆ ಅದು ನಡೆಯದು. ಪ್ರತ್ಯೇಕ ರುದ್ರಭೂಮಿ ಬೇಕೆನ್ನುವವರಲ್ಲಿ ಹೆಣ್ಣುಮಕ್ಕಳ ತಂದೆಯರೂ ಇದ್ದಾರೆ. ಅವರು ಈ ಪ್ರಶ್ನೆಯನ್ನು ಮನೆಯಲ್ಲಿ ಕುಳಿತು ಯೋಚಿಸುವುದು ಒಳ್ಳೆಯದು.

ಕೆಲಸ ಮಾಡುವವರ ಮಾತೂ ಇದರ ಬೆನ್ನಿಗೇ ಬರುತ್ತದೆ. ಗುಂಡಿ ತೋಡುವವನು, ಚಿತೆ ಕಟ್ಟುವವನು ಯಾರು? ತಲೆಮಾರುಗಳಿಂದ ಇದನ್ನು ಒಂದೇ ಜನವರ್ಗದ ಮೇಲೆ ಹೇರಲಾಗಿದೆ. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯಿದೆಗೆ 2015ರಲ್ಲಿ ಆದ ತಿದ್ದುಪಡಿಯಂತೆ ಪರಿಶಿಷ್ಟ ಜಾತಿ ಪಂಗಡದವರಿಂದ ಹೆಣ ಹೊರಿಸುವುದೂ ಗುಂಡಿ ತೋಡಿಸುವುದೂ ಅಪರಾಧ. ಇತರರಿಗೆ ಸಮನಾಗಿ ಸ್ಮಶಾನ ಬಳಸದಂತೆ ಅವರನ್ನು ತಡೆಯುವುದೂ ಅಪರಾಧ. ಅಸ್ಪೃಶ್ಯತೆಯ ಕಾರಣದಿಂದ ಸ್ಮಶಾನಕ್ಕೆ ಪ್ರವೇಶ ನಿರಾಕರಿಸುವುದನ್ನು 1955ರ ಕಾಯಿದೆಯೇ ಶಿಕ್ಷಾರ್ಹಗೊಳಿಸಿತ್ತು. ಬೀಗ ಹಾಕಿದ ಗೇಟಿನ ಮುಂದೆ ಬಂದವನನ್ನು 'ಇದು ಜೈನರದು' ಎಂದು ಕಳುಹಿಸಿ, ಅವನನ್ನೇ ಮರುದಿನ ಬೂದಿ ಬಾಚಲು ಕರೆಯುವ ಟ್ರಸ್ಟು ಈ ಎರಡೂ ಕಾಯಿದೆಗಳ ಹೊಸ್ತಿಲಲ್ಲಿ ನಿಂತಿರುತ್ತದೆ. ರಾಘವಾಂಕನ ಕಾವ್ಯದಿಂದ ಕನ್ನಡಿಗರೆಲ್ಲರಿಗೂ ಪರಿಚಿತನಾದ ಹರಿಶ್ಚಂದ್ರನು ವೀರಬಾಹುಕನ ಆಳಾಗಿ ಸುಡುಗಾಡು ಕಾದವನು. ಕಾಯುವವನನ್ನು ಪೂಜ್ಯನೆಂದು ಕಥೆಯಲ್ಲಿ ಕೇಳಿ, ಎದುರಿಗೆ ಬಂದವನಿಗೆ ದಿನಗೂಲಿಯಲ್ಲಿಯೂ ಚೌಕಾಶಿ ಮಾಡುವುದು ಯಾವ ಸಂಸ್ಕೃತಿ? ಟ್ರಸ್ಟಿನ ಲೆಕ್ಕದಲ್ಲಿ ಅವನ ಸಂಬಳಕ್ಕೆ ಒಂದು ಕಾಲಂ ಇರಬೇಕು, 'ಇತರ ಖರ್ಚು' ಎಂಬುದರೊಳಗೆ ಅಲ್ಲ.

ದಾಖಲೆಯಿಲ್ಲದ ರೂಢಿ ಎಲ್ಲಿಗೆ ಒಯ್ಯುತ್ತದೆಂಬುದಕ್ಕೆ 2025ರ ಜನವರಿಯಲ್ಲಿ ದೇಶವೇ ಸಾಕ್ಷಿಯಾಯಿತು. ಛತ್ತೀಸಗಢದ ಬಸ್ತರಿನ ಒಂದು ಗ್ರಾಮದಲ್ಲಿ ಕ್ರೈಸ್ತ ಪಾದ್ರಿಯೊಬ್ಬರು ತೀರಿಕೊಂಡರು. ಗ್ರಾಮದ ಸ್ಮಶಾನದ ಒಂದು ಭಾಗವನ್ನು ಕ್ರೈಸ್ತರು ರೂಢಿಯಿಂದ ಬಳಸುತ್ತಿದ್ದರೆಂದು ಮಗ ಹೇಳಿದ, ದಾಖಲೆಯಲ್ಲಿ ಅಂತಹ ಸ್ಥಳವಿಲ್ಲವೆಂದು ಸರ್ಕಾರ ಹೇಳಿತು, ಗ್ರಾಮಸ್ಥರು ವಿರೋಧಿಸಿದರು. ಸ್ವಂತ ಹೊಲದಲ್ಲಿ ಹೂಳಲೂ ಬಿಡಲಿಲ್ಲ. ಶವವು ಸುಮಾರು ಮೂರು ವಾರ ಶವಾಗಾರದಲ್ಲಿ ಉಳಿಯಿತು. ಸರ್ವೋಚ್ಚ ನ್ಯಾಯಾಲಯದಲ್ಲಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರು ಸ್ವಂತ ಜಮೀನಿನಲ್ಲಿ ಹೂಳಲು ಅವಕಾಶ ಕೊಡಬೇಕೆಂದರು. ನ್ಯಾಯಮೂರ್ತಿ ಸತೀಶ್ ಚಂದ್ರ ಶರ್ಮಾ ಅವರು ಗೊತ್ತುಪಡಿಸಿದ ಸ್ಥಳದಲ್ಲಲ್ಲದೆ ಬೇರೆಡೆ ಹಕ್ಕಿಲ್ಲವೆಂದರು. ಒಮ್ಮತವಿಲ್ಲದಿದ್ದರೂ ಶವವನ್ನು ಇನ್ನೂ ಕಾಯಿಸಬಾರದೆಂದು, ಇಪ್ಪತ್ತು ಕಿಲೋಮೀಟರಿಗೂ ದೂರದ ಕ್ರೈಸ್ತ ಸಮಾಧಿಭೂಮಿಯಲ್ಲಿ ಹೂಳುವಂತೆ ಇಬ್ಬರೂ ಕೂಡಿ ಆದೇಶಿಸಿದರು. ಘನತೆಯ ಹಕ್ಕು ಮೃತದೇಹಕ್ಕೂ ಇದೆಯೆಂದು ಅದೇ ನ್ಯಾಯಾಲಯವು 1995ರಲ್ಲಿ ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿತ್ತು. 'ನಮ್ಮವರಿಗೆ ಪ್ರತ್ಯೇಕ' ಎಂಬ ತತ್ತ್ವವನ್ನು ಎಲ್ಲರೂ ಹಿಡಿದರೆ ಕೊನೆಗೆ ಅಲ್ಪಸಂಖ್ಯಾತನ ಹೆಣವೇ ಇಪ್ಪತ್ತು ಕಿಲೋಮೀಟರು ಹೋಗಬೇಕಾಗುತ್ತದೆ. ಜೈನರೂ ಅಲ್ಪಸಂಖ್ಯಾತರು.

ದೂರದ ಮಾತೇಕೆ? 2020ರ ಏಪ್ರಿಲ್‌ನಲ್ಲಿ ಕೋವಿಡ್‌ನಿಂದ ಮಂಗಳೂರಿನಲ್ಲಿ ಮೃತರಾದ ಬಂಟ್ವಾಳದ ವೃದ್ಧೆಯೊಬ್ಬರ ಶವವನ್ನು ಒಂದು ಕಡೆ ಒಪ್ಪದೆ ಇನ್ನೊಂದು ಕಡೆಗೆ ಒಯ್ಯಬೇಕಾಯಿತು. ಕೇರಳದಲ್ಲಿ ಒಂದೇ ಮತದ ಎರಡು ಬಣಗಳ ಜಗಳದಿಂದ ಹೆಣಗಳು ಚರ್ಚಿನ ಬಾಗಿಲಲ್ಲಿ ಕಾಯುವಂತಾಗಿ, 2020ರಲ್ಲಿ ಅಲ್ಲಿನ ಸರ್ಕಾರವು ಕುಟುಂಬದ ಸಮಾಧಿಭೂಮಿಯಲ್ಲಿ ಹೂಳುವ ಹಕ್ಕನ್ನು ಉಳಿಸಲೆಂದೇ ಕಾಯಿದೆ ಮಾಡಬೇಕಾಯಿತು. ಇಂದು ಜೈನ ರುದ್ರಭೂಮಿ ಎನ್ನುವ ಬೋರ್ಡು ನಾಳೆ ದಿಗಂಬರ, ಶ್ವೇತಾಂಬರ, ಸ್ಥಾನಕವಾಸಿ, ತೇರಾಪಂಥಿ ಎಂದು ನಾಲ್ಕು ಬೋರ್ಡುಗಳಾಗುವುದಿಲ್ಲವೆಂದು ತೀರ್ಥಕ್ಷೇತ್ರಗಳ ವ್ಯಾಜ್ಯಗಳನ್ನು ನೋಡಿದ ಯಾರು ತಾನೆ ಭರವಸೆ ಕೊಡಬಲ್ಲರು?

ಗುರುಮಂದಿರದ ಪ್ರಶ್ನೆ ಉಳಿದಿದೆ. ಮುನಿಗಳು ಕಾಲಧರ್ಮ ಹೊಂದಿದಾಗ ಅಗ್ನಿಸಂಸ್ಕಾರದ ಹಕ್ಕಿಗೆ ಬೋಲಿ ಕೂಗುವುದು, ಆ ಹಣದಿಂದ ಅದೇ ಜಾಗದಲ್ಲಿ ಸಂಗಮವರಿಯ ಮಂದಿರ ಎಬ್ಬಿಸುವುದು ಕೆಲವು ಸಂಪ್ರದಾಯಗಳಲ್ಲಿ ಬೆಳೆದಿದೆ. ಅಪರಿಗ್ರಹಿಯ ಚಿತೆಯ ಮುಂದೆ ಪರಿಗ್ರಹದ ಹರಾಜು. ಇರಲಿ, ಅದು ಬೇರೆಯೇ ಲೇಖನದ ವಿಷಯ. ಇಲ್ಲಿ ಕೇಳಬೇಕಾದುದು ಆ ಜಾಗ ಯಾರದೆಂಬುದು. ಸಾರ್ವಜನಿಕ ಸ್ಥಳಗಳಲ್ಲಿ ಯಾವ ಧರ್ಮದ್ದೇ ಆಗಲಿ ಅನಧಿಕೃತ ಕಟ್ಟಡ ಹೊಸದಾಗಿ ಏಳಕೂಡದೆಂದು ಸರ್ವೋಚ್ಚ ನ್ಯಾಯಾಲಯವು 2009ರ ಸೆಪ್ಟೆಂಬರಿನಲ್ಲಿ ಆದೇಶಿಸಿದೆ. 2021ರ ಕರ್ನಾಟಕದ ಧಾರ್ಮಿಕ ಕಟ್ಟಡಗಳ ರಕ್ಷಣಾ ಕಾಯಿದೆಯ ಆಸರೆ ಅದು ಜಾರಿಗೆ ಬರುವ ಮೊದಲೇ ಇದ್ದ ಕಟ್ಟಡಗಳಿಗೆ, ನಾಳೆ ಕಟ್ಟುವುದಕ್ಕಲ್ಲ.

ಹಿಂದಿನವರು ಗುರುಗಳನ್ನು ಹೇಗೆ ನೆನೆದರು? ಕೋಲಾರದಲ್ಲಿ ನಿಂತು ಈ ಪ್ರಶ್ನೆ ಕೇಳುವುದಕ್ಕೆ ವಿಶೇಷ ಅರ್ಥವುಂಟು. ತಮ್ಮ ಶಾಸನಗಳಲ್ಲಿ ಕುವಲಾಲಪುರವರೇಶ್ವರರೆಂದು ಕರೆದುಕೊಂಡ ಗಂಗರ ಕುವಲಾಲ ಇದೇ ಕೋಲಾರ. ಸಿಂಹನಂದಿ ಆಚಾರ್ಯರ ಹೆಸರಿನೊಡನೆ ಆ ವಂಶದ ಹುಟ್ಟನ್ನು ಜೈನ ಪರಂಪರೆ ಜೋಡಿಸುತ್ತದೆ. ಆ ವಂಶದ ಇಮ್ಮಡಿಯೂ ಅಲ್ಲ, ಮೂರನೆಯ ಮಾರಸಿಂಹನು ಹತ್ತನೆಯ ಶತಮಾನದಲ್ಲಿ ರಾಜ್ಯವನ್ನು ತೊರೆದು ಬಂಕಾಪುರದಲ್ಲಿ ಅಜಿತಸೇನ ಆಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನದಿಂದ ದೇಹ ಬಿಟ್ಟನು. ಅದನ್ನು ಹೇಳುವುದು ಶ್ರವಣಬೆಳಗೊಳದ ಚಿಕ್ಕಬೆಟ್ಟದ ಕೂಗೆ ಬ್ರಹ್ಮದೇವರ ಕಂಬದ ಬರಹ. ಅದೇ ಬೆಟ್ಟದಲ್ಲಿ ಏಳನೆಯ ಶತಮಾನದಿಂದ ಸಮಾಧಿಮರಣ ಹೊಂದಿದ ಮುನಿ, ಆರ್ಯಿಕೆಯರ ನೆನಪು ಬರಿಯ ಬಂಡೆಯ ಮೇಲೆ ಕೆಲವೇ ಸಾಲುಗಳಲ್ಲಿ ಉಳಿದಿದೆ. ನಿಸಿಧಿಗೆ ಬೇಕಾದದ್ದು ಒಂದು ಕಲ್ಲಿನಷ್ಟು ಜಾಗ. ಯಾರ ದನದ ಹುಲ್ಲನ್ನೂ ಅದು ಕಸಿಯಲಿಲ್ಲ, ಯಾರ ಹೆಣದ ದಾರಿಯನ್ನೂ ತಡೆಯಲಿಲ್ಲ. ಶಿವಾರ್ಯರ ಭಗವತೀ ಆರಾಧನೆಯು ಕ್ಷಪಕನ ದೇಹವನ್ನಿಡುವ ನಿಷೀಧಿಕೆ ಹೇಗಿರಬೇಕೆಂದು ವಿವರಿಸುತ್ತದೆ. ಏಕಾಂತವೂ ಬೆಳಕಿನದೂ ಆಗಿರಬೇಕು, ಊರಿಗೆ ತೀರ ಹತ್ತಿರವೂ ತೀರ ದೂರವೂ ಆಗಿರಬಾರದು. ಇಂದಿನ ಆರೋಗ್ಯಾಧಿಕಾರಿಯ ಷರತ್ತುಗಳೂ ಬಹುಮಟ್ಟಿಗೆ ಇವೇ. ಗೋಡೆ, ಗೇಟುಗಳ ಮಾತು ಅಲ್ಲಿಲ್ಲ. ಇರಲು ಕಾರಣವೂ ಇಲ್ಲ: ದೇಹ ಬಿಟ್ಟ ಜೀವವು ಕೆಲವೇ ಸಮಯಗಳ ವಿಗ್ರಹಗತಿಯಲ್ಲಿ ಮುಂದಿನ ಭವವನ್ನು ಸೇರಿಬಿಡುತ್ತದೆಂದು ಸಿದ್ಧಾಂತ, ಬೀಗದೊಳಗೆ ಉಳಿಯುವುದು ಪುದ್ಗಲ ಮಾತ್ರ.

ಟ್ರಸ್ಟುಗಳ ಕೈಯಲ್ಲಿ ಹಣವಿದೆ, ಸಮಾಜದಲ್ಲಿ ವಕೀಲರೂ ಲೆಕ್ಕಪರಿಶೋಧಕರೂ ಇದ್ದಾರೆ. ಅದೇ ಹಣದಿಂದ ಊರಿನ ಸ್ಮಶಾನದ ಸರ್ವೆ ನಂಬರು ಹುಡುಕಿಸಿ, ಪಹಣಿಯಲ್ಲಿ ಇಲ್ಲದಿದ್ದರೆ ನಮೂದು ಮಾಡಿಸಲು ತಹಶೀಲ್ದಾರರಿಗೆ ಅರ್ಜಿ ಕೊಡಬಹುದು. ಹದ್ದುಬಸ್ತು ಮಾಡಿಸಿ ನಾಲ್ಕು ಮೂಲೆಗೆ ಕಲ್ಲು ನೆಡಿಸಬಹುದು. ಒತ್ತುವರಿ ಕಂಡರೆ, ಒತ್ತಿದವನು ಸಮಾಜದವನೇ ಆಗಿದ್ದರೂ, ಬರೆದು ಕೊಡಬಹುದು. ಸಮಾಧಿಸ್ಥಳವನ್ನು ಕೆಡಿಸುವ ಅತಿಕ್ರಮಕ್ಕೆ ಒಂದು ವರ್ಷದವರೆಗೆ ಸೆರೆವಾಸವಿದೆ. ಹಿಂದಿನ ದಂಡ ಸಂಹಿತೆಯ 297ನೇ ಪ್ರಕರಣ, ಈಗ ನ್ಯಾಯ ಸಂಹಿತೆಯ 301. ನೀರಿನ ತೊಟ್ಟಿ, ಮಾಡು, ಕಟ್ಟೆ, ದೀಪ ಇವೆಲ್ಲಕ್ಕೂ ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಕೊನೆಯದರೊಳಗೆ ಸ್ಥಾನವಿದೆ. ಈಗಾಗಲೇ ಗೋಡೆ ಕಟ್ಟಿ ಬೀಗ ಹಾಕಿರುವ ಟ್ರಸ್ಟುಗಳಿದ್ದರೆ ಮುಂದಿನ ಸರ್ವಸಾಮಾನ್ಯ ಸಭೆಯ ವಿಷಯಸೂಚಿಯಲ್ಲಿ ಎರಡು ಬಾಬುಗಳನ್ನು ಸೇರಿಸಲಿ. ಒಂದು, ಜಾಗದ ಮೂಲದಾಖಲೆಯನ್ನು ಸಭೆಯಲ್ಲಿ ಓದಿಸುವುದು. ಇನ್ನೊಂದು, ಬೀಗದ ಕೈಯನ್ನೂ ಸಂಸ್ಕಾರದ ಪುಸ್ತಕವನ್ನೂ ಸಂಬಳದ ಕಾವಲುಗಾರನ ವಶಕ್ಕೆ ಕೊಟ್ಟು, ಪುಸ್ತಕದ ಒಂದು ಪ್ರತಿಯನ್ನು ತಿಂಗಳಿಗೊಮ್ಮೆ ನೋಂದಣಾಧಿಕಾರಿಗೆ ಕಳುಹಿಸಿ ರಶೀದಿ ಪಡೆಯುವುದು. ಮೊದಲನೆಯ ಬಾಬು ಓದುವಾಗ ಸಭೆ ಎಷ್ಟು ಹೊತ್ತು ಕುಳಿತಿರುತ್ತದೆಯೋ ನೋಡಬೇಕು.